ಹೊಲ ನನ್ನದು, ಜೈಲು ನನ್ನ ಸೊಸೆಗೆ

ಮಾನ್ಯ ಗಾಂಜಾ ಪರವಾನಗಿ ಅಧಿಕಾರಿಗಳೇ,

ತಮ್ಮ ಸಹಿ ಇರುವ ಕಾಗದವೊಂದು ನಮ್ಮ ಬಸೊಥೊ ನಾಡಿನ ಈ ಬೆಟ್ಟದೂರಿನ ಹೊಳೆಯ ಆಚೆ ದಡದಲ್ಲಿ, ಕಂಪನಿಯ ಗೇಟಿನ ಪಕ್ಕ, ಚೌಕಟ್ಟು ಕಟ್ಟಿಸಿಕೊಂಡು ಮೆರೆಯುತ್ತಿದೆ. ಅಂಥದ್ದೊಂದು ಕಾಗದ ಇಲ್ಲದ ತಪ್ಪಿಗೆ ಈಚೆ ದಡದ ನನ್ನ ಸೊಸೆ ಮಾಟುಮೆಲೊ ಎರಡು ವರ್ಷದ ಸಜೆ ಅನುಭವಿಸುತ್ತಿದ್ದಾಳೆ. ಎರಡೂ ದಡದಲ್ಲಿ ಬೆಳೆಯುವುದು ಗಾಂಜಾವೇ. ಆಚೆ ದಡದಲ್ಲಿ ಬೆಳೆದರೆ ಔಷಧಿ, ದೇಶದ ಪ್ರಗತಿ, ಮಂತ್ರಿಗಳ ಭಾಷಣ. ಈಚೆ ದಡದಲ್ಲಿ ಬೆಳೆದರೆ ಮಾದಕವಸ್ತು, ಯುವಜನರ ಸರ್ವನಾಶ, ಕೈಗೆ ಬೇಡಿ. ಹೊಳೆ ದಾಟುವಾಗ ಗಿಡಕ್ಕೆ ಏನಾಗುತ್ತದೆ ಎಂದು ತಾವು ತಿಳಿದವರು, ದಯವಿಟ್ಟು ವಿವರಿಸಬೇಕು. ನಾನು ಇಪ್ಪತ್ತಾರು ವರ್ಷ ಪರದೇಶದ ಚಿನ್ನದ ಗಣಿಯಲ್ಲಿ ಕಲ್ಲು ಒಡೆದವನು, ಇಷ್ಟು ಸೂಕ್ಷ್ಮ ನನಗೆ ಅರ್ಥವಾಗುವುದಿಲ್ಲ.

ಪರವಾನಗಿ ಬೇಕಿದ್ದರೆ ಅರ್ಜಿ ಹಾಕಬಹುದಿತ್ತಲ್ಲ ಎಂದು ತಾವು ಕೇಳುತ್ತೀರಿ. ಹಾಕಲು ಹೋಗಿದ್ದೆ ಸ್ವಾಮಿ. ಕುದುರೆ ಮೇಲೆ ಒಂದು ದಿನ, ಬಸ್ಸಿನಲ್ಲಿ ಅರ್ಧ ದಿನ. ತಮ್ಮ ಕಿಟಕಿಯಲ್ಲಿದ್ದ ಹುಡುಗಿ ನನ್ನ ಕಂಬಳಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಅಜ್ಜಾ, ಶುಲ್ಕ ಎಷ್ಟು ಗೊತ್ತಾ? ನಿಮ್ಮೂರಿನ ಕುರಿ, ದನ, ಕುದುರೆ ಎಲ್ಲಾ ಮಾರಿದ್ರೂ ಅರ್ಜಿ ಫಾರಮ್ಮಿಗೂ ಸಾಲಲ್ಲ" ಎಂದಳು. ಪಾಪ, ಒಳ್ಳೆಯ ಹುಡುಗಿ. ಕುಡಿಯಲು ನೀರು ಕೊಟ್ಟು ಕಳಿಸಿದಳು.

ನಾನು ಗಾಂಜಾದ ಭಜನೆ ಮಾಡಲು ಕೂತಿಲ್ಲ. ಹಗಲೆಲ್ಲ ಅದನ್ನೇ ಸೇದಿ, ಗೋಡೆಗೆ ಒರಗಿ, ತಲೆ ಕೆಡಿಸಿಕೊಂಡವರನ್ನು ನಮ್ಮೂರಿನಲ್ಲೇ ಕಂಡಿದ್ದೇನೆ. ಅವರಿಗೆ ಬೇಕಾದದ್ದು ವೈದ್ಯ. ತಾವು ಕಳಿಸುವುದು ಪೊಲೀಸರನ್ನು. ಅಷ್ಟಕ್ಕೂ ನನ್ನ ತಮ್ಮ ಸತ್ತದ್ದು ಗಾಂಜಾದಿಂದಲ್ಲ, ಸರ್ಕಾರದ ಮುದ್ರೆ ಒತ್ತಿದ ಬಾಟಲಿಯಿಂದ. ಆ ಬಾಟಲಿಯ ಚಿತ್ರ ಇವತ್ತಿಗೂ ನಮ್ಮ ಅಂಗಡಿ ಗೋಡೆಯ ಮೇಲೆ ಆಳೆತ್ತರ ನಿಂತಿದೆ. ಅದನ್ನು ತಯಾರಿಸಿದವರ ಮನೆಗೆ ಯಾವ ಜೀಪು ಹೋಯಿತು? ನನ್ನ ಅಜ್ಜನ ಕಾಲದಿಂದ ಈ ಗಿಡಕ್ಕೆ ಬೇಡಿ ಹಾಕುತ್ತಲೇ ಇದ್ದೀರಿ. ಗಿಡ ಕಡಿಮೆಯಾಗಿದೆಯೇ? ಸೇದುವವರು ಕಡಿಮೆಯಾಗಿದ್ದಾರೆಯೇ? ಜೈಲು ಮಾತ್ರ ಎರಡು ಸಲ ವಿಸ್ತಾರವಾಗಿದೆ. ಬಹುಶಃ ತಮ್ಮ ಲೆಕ್ಕದಲ್ಲಿ ಅದೂ ಪ್ರಗತಿಯೇ.

ಈಗ ನನ್ನ ಸೊಸೆಯ ವಿಷಯ. ಗಣಿ ಕುಸಿದು ನನ್ನ ಮಗ ಸತ್ತು ಮೂರು ವರ್ಷವಾಯಿತು. ಅವಳು ತವರಿಗೆ ಹೋಗಲಿಲ್ಲ, ಮಗಳು ಟುಮೆಲೊಳನ್ನು ಕಟ್ಟಿಕೊಂಡು ನನ್ನ ಜೊತೆಗೇ ನಿಂತಳು. ಕಂಪನಿ ಬಂದಾಗ ಕೆಲಸಕ್ಕೆ ಸೇರಿದಳು. ಗಾಂಜಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಎಂಬುದು ತಮಗೆ ಗೊತ್ತಿರಬಹುದು. ಹೂ ಬಿರಿಯುವ ಮೊದಲೇ ಗಂಡು ಗಿಡ ಕಿತ್ತೆಸೆಯದಿದ್ದರೆ ಇಡೀ ಬೆಳೆ ಬೀಜ ಕಟ್ಟಿ ಹಾಳು. ಕಂಪನಿಯ ಪರದೇಶಿ ತಜ್ಞರು ಭೂತಗನ್ನಡಿ ಹಿಡಿದು ಗೆಣ್ಣು ಗೆಣ್ಣು ತಡಕುತ್ತಿದ್ದರೆ, ಇವಳು ಹತ್ತು ಹೆಜ್ಜೆ ದೂರದಿಂದಲೇ "ಅದು ಗಂಡು, ಕೀಳ್ರೋ" ಎನ್ನುತ್ತಿದ್ದಳು. ಅವರು ಬೆರಗಾಗಿ, ಬಿಳಿ ಕೋಟು ತೊಡಿಸಿ, ಪ್ರಶಸ್ತಿ ಪತ್ರ ಕೊಟ್ಟರು. ಅವಳು ಅದನ್ನು ಎಲ್ಲಿ ಕಲಿತಳು ಅಂತ ಯಾರೂ ಕೇಳಲಿಲ್ಲ. ನನ್ನ ಹೊಲದಲ್ಲಿ ಕಲಿತಳು, ಸ್ವಾಮಿ. ಕಲಿಸಿದವಳು ನನ್ನ ಹೆಂಡತಿ, ಈಗಿಲ್ಲ.

ಹೌದು, ನನ್ನ ಹೊಲ. ಮೆಕ್ಕೆಜೋಳದ ನಡುವೆ ನಾಲ್ಕು ಸಾಲು. ನನ್ನ ಕೆಮ್ಮಿಗೆ ಕಷಾಯ ಮಾಡುತ್ತಿದ್ದೆ, ಉಳಿದದ್ದನ್ನು ಮಾರುತ್ತಿದ್ದೆ. ಸುಳ್ಳು ಹೇಳುವ ವಯಸ್ಸು ನನ್ನದಲ್ಲ. ಮಾರ್ಚಿನಲ್ಲಿ ಪೊಲೀಸರು ಬಂದಾಗ ನಾನು ಕೆಮ್ಮು ಜಾಸ್ತಿಯಾಗಿ ಆಸ್ಪತ್ರೆ ಸೇರಿದ್ದೆ. ಬಂದವರನ್ನು ಹಸಿದು ಕಳಿಸುವ ಪದ್ಧತಿ ನಮ್ಮ ಬಸೊಥೊ ಜನರಲ್ಲಿ ಇಲ್ಲ. ಮಾಟುಮೆಲೊ ಮುದ್ದೆ ತಿರುವಿ ಬಡಿಸಿದಳು. ಮೂವರೂ ಹೊಟ್ಟೆ ತುಂಬ ಉಂಡು, ಕೈ ತೊಳೆದು, ಆಮೇಲೆ ಹೊಲಕ್ಕೆ ನುಗ್ಗಿದರು.

"ಏನವ್ವಾ ಇದು, ಜೋಳದ ಮಧ್ಯೆ?" ಅಂದನಂತೆ ದೊಡ್ಡವನು.

"ಗೊತ್ತಿಲ್ದೇ ಕೇಳ್ತಿದ್ದೀಯೇನಪ್ಪಾ? ಚಿಕ್ಕವನಿದ್ದಾಗ ನಿಂಗೆ ಹೊಟ್ಟೆನೋವು ಬಂದ್ರೆ ನಿಮ್ಮಜ್ಜಿ ಇದನ್ನೇ ಅರೆದು ಕುಡಿಸಿರ್ತಾಳೆ."

ಉಳಿದಿಬ್ಬರು ನಕ್ಕರಂತೆ. ನಗುತ್ತಲೇ ಬೇಡಿ ಹಾಕಿದರು.

ನ್ಯಾಯಾಲಯದಲ್ಲಿ ನಡೆದದ್ದನ್ನು ನೆರೆಮನೆಯವರು ಕಣ್ಣಾರೆ ನೋಡಿ ಹೇಳಿದ್ದಾರೆ. ಕಂಪನಿಯ ಪ್ರಶಸ್ತಿ ಪತ್ರವನ್ನೇ ಅವಳ ವಿರುದ್ಧ ಸಾಕ್ಷಿ ಮಾಡಿದರು. ಗಿಡದ ಬಗ್ಗೆ ಆರೋಪಿಗೆ ಪೂರ್ಣ ತಿಳುವಳಿಕೆ ಇತ್ತು ಎನ್ನುವುದಕ್ಕಂತೆ! ಆಹಾ, ಎಂಥ ಬುದ್ಧಿ! ಆಮೇಲೆ ನ್ಯಾಯಾಧೀಶರು ಹೊಲ ಯಾರದು ಎಂದು ಕೇಳಿದರು.

"ನಮ್ಮ ಮನೆ ಹಿರಿಯರದು."

"ಹಿರಿಯರು ಅಂದ್ರೆ ಯಾರು? ಹೆಸರು ಹೇಳಮ್ಮಾ."

ಮಾಟುಮೆಲೊ ತಲೆ ತಗ್ಗಿಸಿದಳು. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪ್ರಾಣ ಹೋದರೂ ಹೇಳುವುದಿಲ್ಲ. ಕುರ್ಚಿಯಲ್ಲಿ ಕೂತಿದ್ದ ಮಹಾಶಯರಿಗೆ ಇದು ತಿಳಿಯದ್ದೇ? ಅವರೂ ಬಸೊಥೊ ತಾಯಿಯ ಮಗನೇ. ಅವರ ಹೆಂಡತಿ ಅವರ ತಂದೆಯ ಹೆಸರು ಹೇಳುತ್ತಾಳೆಯೇ, ಮನೆಗೆ ಹೋಗಿ ಕೇಳಲಿ. ಪಕ್ಕದಲ್ಲಿದ್ದ ಗುಮಾಸ್ತನಿಗಾದರೂ "ಸ್ವಾಮಿ, ಅವಳು ಹೇಳೋ ಹಾಗಿಲ್ಲ, ಬೇರೆಯವರನ್ನ ಕೇಳಿ" ಎನ್ನಲು ನಾಲಿಗೆ ಬಿದ್ದುಹೋಗಿತ್ತೇ? ಮೂರು ಸಲ ಕೇಳಿದರು. ಮೂರನೆಯ ಸಲ ಅವಳು, "ಹೆಸರು ಹೇಳೋಕಾಗಲ್ಲ. ನಂದೇ ಅಂತ ಬರ್ಕೊಳ್ಳಿ" ಎಂದಳು. ಬರೆದುಕೊಂಡರು. ಅಷ್ಟೇ ವಿಚಾರಣೆ.

ನಾನು ಆಸ್ಪತ್ರೆಯಿಂದ ಬಂದವನೇ ಊರ ಮುಖ್ಯಸ್ಥನ ಮುದ್ರೆಯಿರುವ ಹೊಲದ ಕಾಗದ ಹಿಡಿದು ಠಾಣೆಗೆ ಓಡಿದೆ. "ಹೊಲ ನಂದಯ್ಯಾ, ಬೀಜ ನಂದು, ಬಿತ್ತಿದ ಕೈನೂ ನಂದು. ನನ್ನ ಒಳಗೆ ಹಾಕಿ, ಆ ಹುಡುಗೀನ ಬಿಡಿ" ಎಂದು ಅಂಗಲಾಚಿದೆ. "ಅಜ್ಜಾ, ಫೈಲು ಮುಚ್ಚಾಯ್ತು. ಕೋರ್ಟು ಅವಳದು ಅಂದ ಮೇಲೆ ಅವಳದೇ. ಮನೆಗೆ ಹೋಗಿ ಬಿಸಿಲು ಕಾಯಿಸ್ಕೋ ಹೋಗು" ಎಂದರು. ಎಪ್ಪತ್ತೊಂದು ವರ್ಷ ಬದುಕಿದ್ದೇನೆ, ಅಪರಾಧ ಒಪ್ಪಿಕೊಂಡವನನ್ನು ಠಾಣೆಯಿಂದ ಕತ್ತು ಹಿಡಿದು ಹೊರಹಾಕಿದ್ದನ್ನು ಮೊದಲ ಸಲ ಕಂಡೆ.

ಹೋದ ತಿಂಗಳು ಜೈಲಿಗೆ ಹೋಗಿದ್ದೆ. ಜಾಲರಿಯ ಆಚೆಯಿಂದ ಅವಳು ಮೊದಲು ನನ್ನ ಕೆಮ್ಮು ಹೇಗಿದೆ ಎಂದು ಕೇಳಿದಳು, ಆಮೇಲೆ ಮಗಳು ಹೇಗಿದ್ದಾಳೆ ಎಂದು. ಸೊರಗಿದ್ದಾಳೆ. ಆದರೂ ನಕ್ಕಳು.

"ಮಾವಾ, ಕಂಪನಿಯವರು ಇಲ್ಲಿಗೂ ಬಂದಿದ್ರು. ಗಿಡಕ್ಕೆ ಬೂಷ್ಟು ಹಿಡಿದಿದೆಯಂತೆ. ಏನು ಮಾಡೋದು ಅಂತ ನನ್ನ ಕೇಳಿದ್ರು!"

"ನೀನೇನಂದೆ?"

"ನಾನು ಅಪರಾಧಿ. ಆ ಗಿಡದ ಮಾತಾಡಿದ್ರೆ ಇನ್ನೆರಡು ವರ್ಷ ಹಾಕ್ತಾರೆ ಅಂದೆ."

ಅವಳು ನಕ್ಕದ್ದು ನೋಡಿ ನನಗೆ ಅಳು ಬಂತು. ಗಣಿಯಿಂದ ಮಗನ ಹೆಣ ಬಂದಾಗಲೂ ನಾನು ಜನರೆದುರು ಅತ್ತವನಲ್ಲ. ಕಾವಲಿನವನು ಮುಖ ತಿರುಗಿಸಿ ನಿಂತ.

ಅಧಿಕಾರಿಗಳೇ, ಕರುಣೆ ಬೇಡುತ್ತಿಲ್ಲ. ಈ ಗಿಡ ಅಷ್ಟೊಂದು ವಿಷವಾದರೆ ಆಚೆ ದಡದ ಗಾಜಿನ ಮನೆಗಳಿಗೂ ಜೀಪು ಕಳಿಸಿ, ಕಾಗದಕ್ಕೆ ಸಹಿ ಹಾಕಿದವರನ್ನೂ ಅದೇ ಜೀಪಿಗೆ ಹತ್ತಿಸಿಕೊಳ್ಳಿ. ವಿಷವಲ್ಲವಾದರೆ ನಮ್ಮಂಥವರ ಕೈಗೆಟುಕುವ ಪರವಾನಗಿ ಕೊಡಿ, ಸೇದಿ ಹಾಳಾದವರಿಗೆ ವೈದ್ಯರನ್ನು ಕೊಡಿ. ಇದಕ್ಕೆಲ್ಲ ಸಮಿತಿ ಬೇಕು, ಸಭೆ ಬೇಕು, ಚಹಾ ಬಿಸ್ಕತ್ತು ಬೇಕು, ಗೊತ್ತು. ಒಂದು ಕೆಲಸಕ್ಕೆ ಮಾತ್ರ ಸಮಿತಿ ಬೇಡ. ಮಾಟುಮೆಲೊಳನ್ನು ಬಿಡಿ. ಯಾರನ್ನಾದರೂ ಒಳಗೆ ಹಾಕಲೇಬೇಕೆಂದರೆ ನಾನಿದ್ದೇನೆ. ಈ ಅಕ್ಟೋಬರಿನಲ್ಲಿ ಮತ್ತೆ ನಾಲ್ಕು ಸಾಲು ಬಿತ್ತಿದ್ದೇನೆ, ಎಲ್ಲರೆದುರಿಗೆ, ಹಾಡಹಗಲೇ. ಇದನ್ನು ಪತ್ರಿಕೆಯಲ್ಲಿ ಹಾಕಿಸುತ್ತಿರುವುದು ತಾವು ಓದಿಲ್ಲ ಎನ್ನಬಾರದು ಅಂತ. ಅವಳ ಜಾಗದಲ್ಲಿ ಮಲಗಲು ನನಗೆ ಒಂದು ಕಂಬಳಿ ಸಾಕು, ಅದನ್ನೂ ನಾನೇ ತರುತ್ತೇನೆ.

ಇಂತಿ, ಅವಳ ಬಾಯಿಂದ ಹೊರಡದ, ತಮ್ಮ ದಾಖಲೆಗೆ ಬೇಕಾಗಿದ್ದ ಹೆಸರಿನವನು,

ಸೆಲ್ಲೊ ರಾಲೆಬಿಟ್ಸೊ
ಹೊಲದ ಮಾಲೀಕ
(ಅಕ್ಷರ ಬಿಡಿಸಿ ಬರೆದಿದ್ದೇನೆ. ಇನ್ನು ಯಾರನ್ನೂ ಕೇಳಬೇಕಾಗಿಲ್ಲ.)