ನಿಮ್ಮ ಮನೆಯಲ್ಲೂ ಚಪ್ಪಲಿ ಎಸೆದಳಂತೆ

ನನ್ನ ಮಗಳ ಚಿಕ್ಕಮ್ಮನಿಗೆ,

ನೀವು ಅವಳಪ್ಪನನ್ನು ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ಭಾನುವಾರ ನಿಮ್ಮಲ್ಲಿ ಚಿನ್ನದಂಥ ಹುಡುಗಿ, ಮನೆಗೆ ಬಂದ ಕೂಡಲೇ ನನ್ನ ಹತ್ತಿರ ರಂಪ. ನನಗೆ ಹೊಟ್ಟೆ ಉರಿಯುತ್ತಿತ್ತು. ಡಾಕ್ಟರೇ ಸಮಾಧಾನ ಹೇಳಿದ್ದರು: "ಇವಳ ಹಾಗೆ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದೆ ಚಡಪಡಿಸೋ ತೊಂದರೆ, ಇರೋ ಎಷ್ಟೋ ಮಕ್ಕಳು ಹೊರಗೆಲ್ಲ ಬಿಗಿಹಿಡ್ಕೊಂಡಿರ್ತಾರೆ. ನಮ್ಮವರು ಅನ್ನಿಸಿದವರ ಹತ್ತಿರಾನೇ ಸಿಡಿಯೋದು." ಆ ಮಾತನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಿನ್ನೆ ನಿಮ್ಮಲ್ಲೂ ಚಪ್ಪಲಿ ಎಸೆದು ಅತ್ತಳೆಂದು ಫೋನಿನಲ್ಲಿ ಕ್ಷಮೆ ಕೇಳಿದಿರಿ. ತಪ್ಪು ನಿಮ್ಮದಲ್ಲ. ಈಗ ಹೊಟ್ಟೆ ಮೊದಲಿಗಿಂತ ಜಾಸ್ತಿ ಉರಿಯುತ್ತಿದೆ, ಅಷ್ಟೇ.

ಇನ್ನು ಹಾಗಾದಾಗ ಬುದ್ಧಿ ಹೇಳಲು ಹೋಗಬೇಡಿ. ಟಿವಿ ಆರಿಸಿ, ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿರಿ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಂದು ಮಡಿಲಲ್ಲಿ ಮಲಗುತ್ತಾಳೆ.

ಮಲಗಿದರೆ, ಅದನ್ನು ಮಾತ್ರ ನನಗೆ ಫೋನ್ ಮಾಡಿ ಹೇಳಬೇಡಿ.

ಇಂತಿ,
ಅವಳನ್ನು ಹೆತ್ತವಳು