ಸೀಟಿ ಊದದ ಶನಿವಾರ

ಸೋಮವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಮಾಜಿ ಸೊಸೆ, ಮಾಜಿ ಅತ್ತೆ ಎಂದೆಲ್ಲ ಬರೆಯಬೇಕೇನೋ. ಕೋರ್ಟಿನವರು ಬೇಕಾದರೆ ಹಾಗೆ ಬರೆದುಕೊಳ್ಳಲಿ, ನನ್ನ ಕೈಗೆ ಅದು ಬರುವುದಿಲ್ಲ. ನೀನು ನನ್ನ ಮೊಮ್ಮಗಳು ಚಿಣ್ಣಿಯನ್ನು ಎತ್ತಿಕೊಂಡು ಮನೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ವರ್ಷ ತಡವಾದದ್ದಕ್ಕೆ ಬೈದುಕೊಳ್ಳುವುದಿದ್ದರೆ ಈಗಲೇ ಬೈದುಕೊಂಡು ಮುಗಿಸು, ಆಮೇಲೆ ಮುಂದೆ ಓದು. ಎಷ್ಟೋ ಸಲ ಬರೆಯಲು ಕೂತೆ. ಮಗನ ಪರ ವಹಿಸಿದಂತಾದೀತು, ಇಲ್ಲವೇ ಮಗನ ಮೇಲೆ ಚಾಡಿ ಹೇಳಿದಂತಾದೀತು ಎಂದು ಎದ್ದುಬಿಡುತ್ತಿದ್ದೆ.

ಈಗ ಬರೆಯದೆ ವಿಧಿಯಿಲ್ಲ. ಮೊನ್ನೆ ಶನಿವಾರ, ಅಪ್ಪ ಮಗಳು ಭೇಟಿಯಾಗಲೆಂದು ಕೋರ್ಟಿನವರು ಗೊತ್ತುಮಾಡಿದ ಕೋಣೆಯ ಬಾಗಿಲಲ್ಲಿ ನಿಂತು ಅಲ್ಲಿನ ಮೇಡಮ್ಮಿಗೆ ನೀನು ಹೇಳಿದ ಮಾತು ನನ್ನ ಕಿವಿಗೆ ಬಿತ್ತು. "ಇದೇ ಕೊನೆ ಮೇಡಂ. ಕಾದು ಕಾದು ಮಗು ಮಂಕಾಗ್ತಿದೆ. ಈ ಭೇಟಿ ನಿಲ್ಲಿಸೋಕೆ ಅರ್ಜಿ ಹಾಕ್ತೀನಿ." ಆ ಅರ್ಜಿ ಹಾಕುವ ಮೊದಲು ಇದನ್ನೊಂದು ಓದಿಬಿಡು ಎಂದಷ್ಟೇ ಕೇಳಿಕೊಳ್ಳುತ್ತೇನೆ. ಓದಿದ ಮೇಲೂ ಹಾಕಬೇಕು ಅನಿಸಿದರೆ ಹಾಕು, ನಾನು ಅಡ್ಡ ಬರುವುದಿಲ್ಲ.

ನಾನು ಅಲ್ಲಿಗೆ ಹೇಗೆ ಬಂದೆ ಎಂದು ನಿನಗೆ ಆಶ್ಚರ್ಯವಾದೀತು. ನಿನ್ನ ಗಂಡ, ಅಂದರೆ ನನ್ನ ಮಗ, ಒಂದು ವ್ಯಾನು ಹತ್ತಿ ಊರೂರು ಸುತ್ತುತ್ತಿದ್ದದ್ದು ನಿನಗೂ ಗೊತ್ತಿರಬೇಕು. ಬೇರೆಯಾದ ಅಪ್ಪ ಅಮ್ಮ ಇಬ್ಬರಿಗೂ ಮಗುವನ್ನು ಸಮನಾಗಿ ಸಾಕುವ ಹಕ್ಕು ಬೇಕು ಎಂಬ ಪ್ರಚಾರ. ವ್ಯಾನಿನ ಎರಡೂ ಬದಿಗೆ "ಮಗುವಿಗೆ ಇಬ್ಬರೂ ಬೇಕು" ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಮುಂದಾಳು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಬೆಳೆದ ಮಗ ಅವರನ್ನು ಎದುರಿಗೆ ಕಂಡರೆ ರಸ್ತೆ ದಾಟಿ ಹೋಗುತ್ತಾನಂತೆ. ಜೊತೆಗೆ ಒಬ್ಬ ನರ್ಸಮ್ಮ, ಅವಳ ಮಗನನ್ನು ಗಂಡನ ಮನೆಯವರೇ ಇಟ್ಟುಕೊಂಡಿದ್ದಾರೆ. ಡ್ರೈವರೂ ಇದೇ ಕಷ್ಟದವನೇ. ದಾರಿ ಯಾರಿಗೂ ಗೊತ್ತಿಲ್ಲ ಎಂದು ನನ್ನನ್ನೂ ಹತ್ತಿಸಿಕೊಂಡರು. ಜೀವಮಾನವೆಲ್ಲ ಬಸ್ಸಿನ ಕಂಡಕ್ಟರಾಗಿ ದುಡಿದವಳಿಗೆ ಮನೆಯ ಕುರ್ಚಿ ಚುಚ್ಚುತ್ತಿತ್ತು, ನಾನೂ ಹೊರಟೆ.

ನನ್ನ ಚಾಳಿ ನಿನಗೆ ಗೊತ್ತಲ್ಲ. ನಿವೃತ್ತಿಯಾದರೂ ಸೀಟಿ ಕೊರಳಲ್ಲೇ ಇದೆ. ಎಲ್ಲರೂ ಹತ್ತಿದರೇ, ಬಾಗಿಲು ಮುಚ್ಚಿತೇ ಎಂದು ನೋಡಿ ನಾನು ಎರಡು ಸಲ ಊದಿದರೆ ವ್ಯಾನು ಹೊರಡಬೇಕು, ಒಂದು ಸಲ ಊದಿದರೆ ನಿಲ್ಲಬೇಕು. ಇದೇನು ಸರ್ಕಾರಿ ಬಸ್ಸೇ ಎಂದು ಮೇಷ್ಟ್ರು ಮೊದಮೊದಲು ಮೂಗು ಮುರಿದರು. ಒಂದು ದಿನ ಸೀಟಿಗೆ ಕಾಯದೆ ಹೊರಟು, ನರ್ಸಮ್ಮನನ್ನು ಹೋಟೆಲಿನಲ್ಲಿ ಮರೆತು ಊರಾಚೆ ಬಂದುಬಿಟ್ಟ ಮೇಲೆ ತೆಪ್ಪಗಾದರು. ಆಮೇಲೆ ಡ್ರೈವರಿಗೆ ನನ್ನ ಸೀಟಿ ಕೇಳದೆ ಕಾಲೇ ಏಳುತ್ತಿರಲಿಲ್ಲ.

ನಿನ್ನ ಗಂಡ ಚೆನ್ನಾಗಿ ಮಾತಾಡುತ್ತಾನೆ ಕಣಮ್ಮ. ಕನ್ನಡಕದ ಅಂಗಡಿಯ ಹಿಂದೆ ಕೂತು ದಿನವಿಡೀ ಗಾಜು ಉಜ್ಜುವವನು ಮೈಕು ಹಿಡಿದರೆ ಹೀಗೆ ಮಾತಾಡುತ್ತಾನೆಂದು ನನಗೇ ಗೊತ್ತಿರಲಿಲ್ಲ. "ನನ್ನ ಮಗಳು ಶನಿವಾರ ಕಿಟಕಿ ಹತ್ತಿರ ನಿಂತು ನನಗೋಸ್ಕರ ಕಾಯ್ತಾಳೆ" ಎನ್ನುವಾಗ ಅಂಗಡಿಗಳವರು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ನಾನೂ ಕಣ್ಣೊರೆಸಿಕೊಂಡಿದ್ದೇನೆ.

ಆದರೆ ಒಂದು ಊರಿನ ಬಸ್ ನಿಲ್ದಾಣದ ಎದುರು, ಹೊಲಿಗೆ ಅಂಗಡಿಯ ಹೆಂಗಸೊಬ್ಬಳು ಕೊರಳಲ್ಲಿ ಟೇಪು ಹಾಕಿಕೊಂಡೇ ಮುಂದೆ ಬಂದಳು. "ಸ್ವಾಮಿ, ನಿಮ್ಮ ಮಗಳಿಗೆ ಯಾವ ಔಷಧಿ ಆಗಲ್ಲ, ಹೇಳಿ ನೋಡೋಣ" ಅಂದಳು. ಅವನು ಮೈಕು ಹಿಡಿದು ನಿಂತೇ ಇದ್ದ. ನನಗೆ ಉತ್ತರ ಗೊತ್ತಿತ್ತು. ಆ ಕೆಂಪು ಸಿರಪ್ಪು ಕುಡಿಸಿದಾಗ ಅವಳ ಮೈಯೆಲ್ಲ ದದ್ದು ಎದ್ದು, ನೀನೂ ನಾನೂ ಸರದಿಯಲ್ಲಿ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದ್ದು ನೆನಪಿದೆಯಲ್ಲವೇ? ಅವನು ಒಳಗೆ ಮಲಗಿದ್ದ. ನಾನು ಬಾಯಿಬಿಟ್ಟು ಉತ್ತರ ಹೇಳಿಕೊಡಲಿಲ್ಲ. ಜನ ನಗುತ್ತ ಚದುರಿದರು.

ಆಮೇಲೆ ವ್ಯಾನಿನ ಮೆಟ್ಟಿಲ ಮೇಲೆ ಕೂತು ಅವನು ನನ್ನ ಮೇಲೆ ರೇಗಿದ. ತನಗೆ ಯಾರು ಹೇಳುತ್ತಾರೆ, ಶಾಲೆಗೆ ಹೋಗಿ ಕೇಳಿದರೆ ತಾಯಿಯನ್ನು ಕೇಳಿ ಅನ್ನುತ್ತಾರೆ, ನಿನಗೆ ಫೋನು ಮಾಡಿದರೆ ವಕೀಲರ ಹತ್ತಿರ ಮಾತಾಡಿ ಅನ್ನುತ್ತೀಯ, ಗೊತ್ತಾಗುವುದು ಹೇಗೆ ಎಂದ. ಅದೂ ನಿಜ. ಗೊತ್ತಿರಬೇಕಾದಾಗ ಮಲಗಿದ್ದ ಎಂಬುದೂ ನಿಜ. ನಿಮ್ಮಿಬ್ಬರ ಜಗಳದಲ್ಲಿ ನನಗೆ ಯಾವತ್ತೂ ಇದೇ ಪೇಚು, ಇಬ್ಬರಿಗೂ ಹೌದು ಅನ್ನಬೇಕಾಗುತ್ತದೆ.

ಈಗ ಶನಿವಾರದ ವಿಷಯಕ್ಕೆ ಬರುತ್ತೇನೆ. ಗುರುವಾರ ವ್ಯಾನಿನ ಕ್ಲಚ್ಚು ಕೆಟ್ಟು ಒಂದು ದಿನ ಗ್ಯಾರೇಜಿನಲ್ಲೇ ಹೋಯಿತು. ಶುಕ್ರವಾರ ಮಂತ್ರಿಗಳಿಗೆ ಮನವಿ ಕೊಡಬೇಕಿತ್ತು, ಅದು ಶನಿವಾರ ಬೆಳಿಗ್ಗೆಗೆ ಹೋಯಿತು. ಅದೇ ಬೆಳಿಗ್ಗೆ ಚಿಣ್ಣಿಯ ಭೇಟಿ. ತಿಂಗಳಿಗೆ ಸಿಗುವುದೇ ಎರಡು ಶನಿವಾರ, ಅದರಲ್ಲಿ ಹಿಂದಿನದನ್ನು ಪ್ರಚಾರ ಶುರುಮಾಡುವ ಗಡಿಬಿಡಿಯಲ್ಲಿ ತಪ್ಪಿಸಿದ್ದಾನೆಂದು ನನಗೆ ತಿಳಿದದ್ದು ಆವಾಗಲೇ. ಇನ್ನೊಮ್ಮೆ ತಪ್ಪಿಸಿದರೆ ಕೋರ್ಟಿಗೆ ವರದಿ ಹೋಗುತ್ತದೆ ಎಂದು ಮೇಡಂ ಎಚ್ಚರಿಸಿದ್ದರಂತೆ.

ಮಗಳನ್ನು ನೋಡುವ ಹಕ್ಕು ಕೇಳಲು ಹೋಗಿ ಮಗಳನ್ನು ನೋಡುವುದನ್ನೇ ಬಿಡುವವರನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ನಮ್ಮ ವ್ಯಾನಿನಲ್ಲಿ ಎಲ್ಲರಿಗೂ ಅದು ಸರಿಯಾಗಿಯೇ ಕಂಡಿತು. ಸಾವಿರಾರು ಮಕ್ಕಳ ಶನಿವಾರಗಳಿಗಾಗಿ ಒಬ್ಬರ ಒಂದು ಶನಿವಾರ ಹೋದರೆ ಹೋಗಲಿ, ಇವನಿಲ್ಲದೆ ಮಂತ್ರಿಗಳ ಮುಂದೆ ಮಾತಾಡುವವರಿಲ್ಲ ಎಂದರು ಮೇಷ್ಟ್ರು. ಒಂದು ಶನಿವಾರ ತಾನೇ ಎಂದು ಇವನೂ ತಲೆಯಾಡಿಸಿದ. ನರ್ಸಮ್ಮ ಬ್ಯಾಗಿನ ಜಿಪ್ಪು ಎಳೆಯುತ್ತ ಕೂತಿದ್ದಳು. "ನನಗೆ ಒಂದು ಶನಿವಾರ ಕೊಟ್ಟಿದ್ರೆ ನಾನು ಈ ವ್ಯಾನೇ ಹತ್ತುತ್ತಿರಲಿಲ್ಲ" ಅಂದಳು. ಯಾರೂ ಅವಳ ಕಡೆ ತಿರುಗಲಿಲ್ಲ.

ಶನಿವಾರ ಬೆಳಗ್ಗೆ ಚಹಾ ಕುಡಿದು ಎಲ್ಲರೂ ಹತ್ತಿದರು. ಬಾಗಿಲು ಮುಚ್ಚಿತು. ನಾನು ಸೀಟಿ ಊದಲಿಲ್ಲ. ಡ್ರೈವರು ಇಂಜಿನ್ ಚಾಲೂ ಮಾಡಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಹೊತ್ತಾಯಿತು, ಊದಿ ತಾಯಿ ಅಂದರು ಮೇಷ್ಟ್ರು.

"ಒಬ್ಬರು ತಪ್ಪು ಗಾಡಿ ಹತ್ತಿದ್ದಾರೆ. ಅವರನ್ನ ಇಳಿಸದೆ ನಾನು ಗಾಡಿ ಬಿಡಲ್ಲ" ಅಂದೆ.

ಡ್ರೈವರು ಕೀ ತಿರುಗಿಸಿ ಇಂಜಿನ್ ಆರಿಸಿದ. ಮೇಷ್ಟ್ರ ಮುಖ ಕೆಂಪಾಯಿತು. ಮುದುಕಿಯ ಹಟಕ್ಕೆ ಇಷ್ಟು ದಿನದ ಶ್ರಮ ಮಣ್ಣುಪಾಲಾಗಬೇಕೇ ಎಂದು ಕೂಗಾಡಿದರು. ನನಗೂ ಮೂಗಿನ ತುದಿಯಲ್ಲೇ ಕೋಪ, ನಿನಗೆ ಹೇಳಬೇಕಾಗಿಲ್ಲ. ಹಟ ಅಂದರೆ ಹಟವೇ ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ನಿನ್ನ ಗಂಡ ಎದ್ದು ಬಂದು ನನ್ನ ತೋಳು ಹಿಡಿದ. ಸಣ್ಣವನಿದ್ದಾಗಲೂ ಅವನು ನನ್ನನ್ನು ಹಾಗೆ ದುರುಗುಟ್ಟಿ ನೋಡಿದವನಲ್ಲ.

"ಹೋದ್ರೆ ಏನಮ್ಮ ಸಿಗುತ್ತೆ? ಅವಳು ಗೋಡೆ ಗಡಿಯಾರ ನೋಡ್ತಾ ಕೂತಿರ್ತಾಳೆ. ನಾನು ಊಟ ಆಯ್ತಾ ಅಂತೀನಿ, ಅವಳು ಆಯ್ತು ಅಂತಾಳೆ. ಅಷ್ಟೇ. ಸಂತೆ ಜನದ ಮುಂದೆ ಬರೋ ಮಾತು ಅವಳ ಮುಂದೆ ಬರಲ್ಲ. ನನಗೆ ಭಯ ಆಗುತ್ತೆ."

ಇದನ್ನು ನಿನಗೆ ಬರೆಯಬೇಡ ಅಂದಿದ್ದಾನೆ. ಆದರೂ ಬರೆಯುತ್ತಿದ್ದೇನೆ. ಅವನು ಬರದೆ ಹೋದಾಗಲೆಲ್ಲ ಅವನಿಗೆ ಮಗಳು ಬೇಡ ಎಂದು ನೀನು ತಿಳಿದಿರಬಹುದು. ಭಾಷಣದಲ್ಲಿ ಕಿಟಕಿಗೆ ನಿಂತು ಕಾಯುವ ಮಗಳು ಬೇರೆ, ಕೋಣೆಯಲ್ಲಿ ಗಡಿಯಾರ ನೋಡುವ ಮಗಳು ಬೇರೆ. ಇವನು ಮೊದಲನೆಯವಳನ್ನು ಹಿಡಿದುಕೊಂಡು ಊರೂರು ಓಡುತ್ತಿದ್ದ.

"ಭಯ ಇದ್ರೆ ನಾನು ಜೊತೆಗೆ ಬರ್ತೀನಿ, ನಡಿ" ಅಂದೆ. ನರ್ಸಮ್ಮ ಎದ್ದು ಬಾಗಿಲು ತೆಗೆದಳು. ಅವನು ಇಳಿದ.

ಆಮೇಲಿನದು ನಿನಗೆ ಅರ್ಧ ಗೊತ್ತು. ಸಿಕ್ಕ ಬಸ್ಸು ಹತ್ತಿದೆವು. ಅದೋ ಕೈ ತೋರಿಸಿದಲ್ಲೆಲ್ಲ ನಿಲ್ಲುವ ಗಾಡಿ. ನಾನೇ ಹೋಗಿ ಕಂಡಕ್ಟರಿಗೆ ಸ್ವಲ್ಪ ಬೇಗ ಬಿಡಪ್ಪ ಎಂದು ಗೋಗರೆದೆ. ಜೀವಮಾನವೆಲ್ಲ ಜನ ನನಗೆ ಹಾಗೆ ಹೇಳಿದಾಗ ನಾನು ಏನು ಉತ್ತರ ಕೊಡುತ್ತಿದ್ದೆನೋ, ಅವನೂ ಅದನ್ನೇ ಕೊಟ್ಟ. ಇಳಿದವನೇ ಇವನು ಓಡಿದ. ಮಂಡಿ ನೋವಿನ ನಾನು ಹಿಂದಿನಿಂದ ಏದುಸಿರು ಬಿಡುತ್ತ ಬಂದೆ. ಗೇಟಿನ ಬಳಿ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ಗೇಟಿಗೆ ಎದುರೇ ಇರುವ ಕೋಣೆಯ ಬಾಗಿಲಲ್ಲಿ ನೀನು ಬ್ಯಾಗು ಹೆಗಲಿಗೇರಿಸಿ, ಚಿಣ್ಣಿಯ ಕೈ ಹಿಡಿದು ಹೊರಟು ನಿಂತಿದ್ದೆ. ಅವನು ನಿನ್ನೆದುರು ಉಸಿರು ಕಟ್ಟಿ ನಿಂತಿದ್ದ. ನೀನು ಏನು ಮಾಡುತ್ತೀಯೋ ಎಂದು ನೋಡುತ್ತ ನಾನು ಗೇಟಿನ ಬಳಿಯ ಬೆಂಚಿನಲ್ಲೇ ಕೂತುಬಿಟ್ಟೆ.

ನೀನು ತಿರುಗಿ ಹೋಗಿ ಕುರ್ಚಿಯಲ್ಲಿ ಕೂತೆ. "ಇನ್ನೊಂಚೂರು ಹೊತ್ತು ಇರ್ತೀವಿ ಮೇಡಂ" ಅಂದೆ. ಆ ಒಂದು ಮಾತಿಗೆ ನಾನು ಸಾಯುವ ತನಕ ಋಣಿ. ಅರ್ಜಿ ಹಾಕುವ ಮಾತು ಆಮೇಲೆ ಬಂತು, ಇದು ಮೊದಲು ಬಂತು. ನಾನು ಇದನ್ನೇ ನಂಬಿ ಬರೆಯುತ್ತಿದ್ದೇನೆ.

ಒಳಗೆ ಏನು ನಡೆಯಿತೆಂದು ಅವನು ವಾಪಸು ಬರುವ ಬಸ್ಸಿನಲ್ಲಿ ಹೇಳಿದ. ಅವಳು ಗಡಿಯಾರ ನೋಡುವಾಗ ಕಣ್ಣು ಕಿರಿದು ಮಾಡುತ್ತಿದ್ದಳಂತೆ. ಇವನಿಗೆ ತನ್ನ ಕಸುಬು ನೆನಪಾಗಿ, ಒಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ನೋಟೀಸು ಓದಿಸಿದನಂತೆ. ಬಲಗಣ್ಣಿನಲ್ಲಿ ಸಲೀಸಾಗಿ ಓದಿದವಳು ಎಡಗಣ್ಣಿಗೆ ಅಕ್ಷರ ಸಿಗದೆ, ಕದ್ದು ಬೆರಳ ಸಂದಿಯಿಂದ ನೋಡಿ ಸಿಕ್ಕಿಬಿದ್ದಳಂತೆ. ಇಬ್ಬರೂ ನಕ್ಕರಂತೆ. ನೀನು ದೂರದಲ್ಲಿ ಕೂತು ಅದನ್ನು ನೋಡಿರಬೇಕು. ಅವಳಿಗೆ ದೂರದ್ದು ಮಸುಕು, ಬೇಗ ಪರೀಕ್ಷೆ ಮಾಡಿಸಬೇಕು ಎಂದು ಅವನು ಹೇಳುತ್ತಿದ್ದಾನೆ. ಡಾಕ್ಟರ ಹತ್ತಿರ ನೀನೇ ಕರೆದುಕೊಂಡು ಹೋಗು. ಕನ್ನಡಕದ ಗಾಜು ಮಾತ್ರ ಅವನು ಉಜ್ಜಿ ಕೊಡಲಿ, ಬೇಡ ಅನ್ನಬೇಡ. ಮಗುವಿಗೆ ಇಬ್ಬರೂ ಬೇಕು ಎಂದು ವ್ಯಾನಿನ ಮೇಲೆ ಬರೆಸಿದ್ದು ಇಂಥದ್ದರಿಂದ ಶುರುವಾಗಲಿ.

ಮನವಿಯನ್ನು ನರ್ಸಮ್ಮನೇ ಓದಿ ಕೊಟ್ಟಳಂತೆ, ಮಂತ್ರಿಗಳು ನೋಡುತ್ತೇವೆ ಅಂದರಂತೆ. ಮೇಷ್ಟ್ರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಮುಂದಿನ ಭೇಟಿಗೆ ಅವನು ಹೊತ್ತಿಗೆ ಮುಂಚೆಯೇ ಅಲ್ಲಿರುತ್ತಾನೆ, ಮನೆ ಬಾಗಿಲಲ್ಲಿ ನಿಂತು ನಾನೇ ಸೀಟಿ ಊದಿ ಕಳಿಸುತ್ತೇನೆ. ತಪ್ಪಿದರೆ ನಿನ್ನ ಅರ್ಜಿಗೆ ನಾನೇ ಸಾಕ್ಷಿ ಹಾಕುತ್ತೇನೆ.

ನಿನ್ನ ಕೆಲಸ, ನಿನ್ನ ಬೆನ್ನುನೋವು ಹೇಗಿದೆಯೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ನೀನು ಒಳಗೆ ಸಹಿ ಹಾಕುತ್ತಿದ್ದಾಗ, ಅವನು ಮುಖ ತೊಳೆಯಲು ಹೋಗಿದ್ದಾಗ, ಚಿಣ್ಣಿ ಹೊರಗೆ ಬಂದು ಗೇಟಿನ ಬಳಿ ನಾನು ಕೂತಿದ್ದ ಬೆಂಚಿನಲ್ಲೇ ಕೂತಳು. ಅವರಪ್ಪನ ಹಾಗೇ ಪಾದ ಒಳಕ್ಕೆ ತಿರುಗಿಸಿ ನಡೆಯುತ್ತಾಳೆ. ನನ್ನ ಸೀಟಿಯನ್ನು ನೋಡಿದಳು. ಸಣ್ಣವಳಿದ್ದಾಗ ಅದನ್ನು ಊದಿ ಊದಿ ನನ್ನ ಮಡಿಲೆಲ್ಲ ಜೊಲ್ಲು ಮಾಡುತ್ತಿದ್ದವಳು. "ನೀವು ಯಾರನ್ನ ನೋಡೋಕೆ ಬಂದಿದ್ದೀರಾ?" ಎಂದು ಕೇಳಿದಳು. ಕೋರ್ಟಿನ ಆದೇಶದಲ್ಲಿ ಅಪ್ಪನ ಹೆಸರಷ್ಟೇ ಇದೆ, ನಾನು ಯಾರೆಂದು ಹೇಳಿದರೆ ಅದೂ ಅವನ ಲೆಕ್ಕಕ್ಕೇ ತಪ್ಪಾಗಿ ಬೀಳಬಹುದು. "ಯಾರನ್ನೂ ಇಲ್ಲಮ್ಮ, ಬಸ್ಸಿಗೆ ಕಾಯ್ತಿದ್ದೀನಿ" ಅಂದೆ. ಆಮೇಲೆ ಬಸ್ಸಿನಲ್ಲಿ ಕಣ್ಣಿನ ವಿಷಯ ಅವನು ಹೇಳಿದಾಗ, ಸರಿಯಾಗಿ ಕಾಣದೆ ಗುರುತು ಸಿಗಲಿಲ್ಲವೇನೋ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಆ ಬೆಂಚಿನಲ್ಲಿ ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. "ಇಲ್ಲಿ ಬಸ್ಸು ನಿಲ್ಲಲ್ಲ, ಆ ಕಡೆ ಹೋಗಬೇಕು" ಎಂದು ಎದ್ದು ನಿಂತು, ಕೈ ಚಾಚಿ ದಾರಿ ತೋರಿಸಿದಳು. ನಾನು ಅವಳು ತೋರಿಸಿದ ಕಡೆಗೆ ನಡೆದುಕೊಂಡು ಹೋದೆ.