ಖಾಲಿ ಮನೆಯ ನಿದ್ದೆ

ಮಂಗಳವಾರ, ಮಧ್ಯಾಹ್ನ
ಬೇಸಿಗೆ ಇವತ್ತು ಹೋಗ್ತೀನಿ ನಾಳೆ ಹೋಗ್ತೀನಿ ಅನ್ನುತ್ತ ಕೂತಿರುವ ವಾರ

ನನ್ನವರಿಗೆ,

ನಿಮ್ಮ ಪತ್ರ ಬಂತು. ಈ ಮೂರು ವರ್ಷ ಫೋನಿನಲ್ಲಿ ನೀವಾಡಿದ ಮಾತನ್ನೆಲ್ಲ ಕೂಡಿಸಿದರೂ ಇಷ್ಟುದ್ದ ಆಗಲಿಕ್ಕಿಲ್ಲ, ಹಾಗಾಗಿ ಎರಡು ಸಲ ಓದಿದೆ. ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೇಳಲು ಹೋದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಡುತ್ತೇನೆ. ಕಾಗದದ ನಡುವೆ ಬಾಯಿ ಹಾಕಲು ನಿಮ್ಮಿಂದಲೂ ಆಗುವುದಿಲ್ಲ. ಇಲ್ಲಿ ಎಲ್ಲರೂ ಬೆಂದು ಹೋಗಿದ್ದೇವೆ, ಅದೊಂದು ಬಿಟ್ಟರೆ ಕ್ಷೇಮ.

ಈ ತಿಂಗಳ ಕೊನೆಗೆ ಸೇತುವೆ ಕಂಪನಿ ನಿಮ್ಮನ್ನು ನಿವೃತ್ತಿ ಮಾಡಿ ಮನೆಗೆ ಕಳಿಸುತ್ತದೆ, ಬೆಟ್ಟದ ಮೇಲಿನ ಊರಿನಲ್ಲಿ ಒಂದು ತಂಪು ಮನೆ ನೋಡಿದ್ದೀರಿ, ಮಾತು ಕೊಟ್ಟಾಗಿದೆ, ಮುಂದಿನ ತಿಂಗಳು ಲಾರಿ ಕಳಿಸುತ್ತೀರಿ, ನಾನು ಗಂಟುಮೂಟೆ ಕಟ್ಟಿಕೊಂಡು ತಯಾರಿರಬೇಕು. ಇಷ್ಟು ತಾನೇ ನೀವು ಬರೆದಿದ್ದು? ನನ್ನ ಉತ್ತರ ಇದಕ್ಕಿಂತ ಚಿಕ್ಕದು. ನಾನು ಬರುವುದಿಲ್ಲ. ಕೊನೆಯಲ್ಲಿ ಬರೆದರೆ ಅಲ್ಲಿವರೆಗೆ ಓದದೆ ಲಾರಿಯವನಿಗೆ ಹೇಳಿಬಿಡುತ್ತೀರೇನೋ ಅಂತ ಇಲ್ಲೇ ಬರೆದೆ. ಈಗ ಕನ್ನಡಕ ಒರೆಸಿಕೊಂಡು ಉಳಿದದ್ದನ್ನು ನಿಧಾನವಾಗಿ ಓದಿ.

ಬಿಸಿಲಿನ ವಿಷಯ ನೀವು ಕೇಳಿದ್ದೀರಿ, ಆ ಮಹಡಿ ಮನೆಯಲ್ಲಿ ಹೇಗಿದ್ದೀಯ ಅಂತ. ಹೇಗಿರಲಿ? ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟೀ ಪುಡಿ ಹಾಕುವುದೊಂದೇ ಬಾಕಿ, ಅಷ್ಟು ಬಿಸಿ ನೀರು. ಫ್ಯಾನು ಸೂರಿನ ಬಿಸಿಯನ್ನೆಲ್ಲ ಒಟ್ಟುಮಾಡಿ ತಲೆಯ ಮೇಲೆ ಸುರಿಯುತ್ತದೆ. ಪಕ್ಕದ ಮನೆಯ ಅಜ್ಜ ಊಟವಾದ ಮೇಲೆ ನಮ್ಮ ಮೆಟ್ಟಿಲ ಕೆಳಗೆ ಬಂದು ಮಲಗುತ್ತಾರೆ, ಬೀದಿಯ ನಾಯಿ ಅವರ ಕಾಲ ಹತ್ತಿರ. ಇಬ್ಬರೂ ಒಂದೇ ಶ್ರುತಿಯಲ್ಲಿ ಗೊರಕೆ ಹೊಡೆಯುತ್ತಾರೆ, ನನ್ನ ಹೊಲಿಗೆ ಮಿಶಿನ್ನಿನ ಸದ್ದಿಗೂ ಏಳುವುದಿಲ್ಲ.

ಆದರೆ ನಿಮಗೊಂದು ವಿಷಯ ಗೊತ್ತಿಲ್ಲ. ಸೀಟು ಹೊಲಿಯುವ ನನ್ನ ಕೆಲಸಕ್ಕೆ ಈ ಬಿಸಿಲೇ ಬೇಕು. ಚಳಿಗಾಲದಲ್ಲಿ ರೆಕ್ಸಿನ್ ಹಟಮಾರಿಯಾಗಿರುತ್ತದೆ, ಸೀಟಿನ ಮೂಲೆಗೆ ಎಳೆದು ಕೂರಿಸುವಷ್ಟರಲ್ಲಿ ಉಗುರು ಮುರಿಯುತ್ತದೆ. ಈಗ ಬೆಳಿಗ್ಗೆ ಅಳತೆಗೆ ಕತ್ತರಿಸಿ ಕೆಳಗೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದರಾಯಿತು, ಮಧ್ಯಾಹ್ನದ ಹೊತ್ತಿಗೆ ಹೇಳಿದ ಹಾಗೆ ಕೇಳುತ್ತದೆ. ಸಂಜೆ ತಣ್ಣಗಾಗುವಾಗ ತಾನೇ ಬಿಗಿದುಕೊಂಡು ತಬಲದ ಹಾಗೆ ಕೂರುತ್ತದೆ. ಶಾಲೆ ಶುರುವಾಗುವ ಮೊದಲು ಶಾಲಾ ಬಸ್ಸಿನ ಸೀಟುಗಳನ್ನೆಲ್ಲ ಮುಗಿಸಿಕೊಡಬೇಕು. ಹಲ್ಲು ಡಾಕ್ಟರ ಕುರ್ಚಿಯನ್ನು ಹೋದ ವಾರ ಕೊಟ್ಟೆ. ಬಂದವರು ಮೊದಲು ಹಲ್ಲಿಗೆ ಹೆದರುತ್ತಿದ್ದರು, ಈಗ ಕುರ್ಚಿಯಿಂದ ಏಳುವುದಕ್ಕೇ ಒಪ್ಪುತ್ತಿಲ್ಲ ಅಂತ ಅವರು ನಕ್ಕರು. ಎಲ್ಲೂ ಎರಡು ಬೇಸಿಗೆ ಮೀರಿ ನಿಲ್ಲದವಳನ್ನು ಈ ಬೀದಿಯಲ್ಲಿ ಸೀಟಮ್ಮ ಅಂತ ಕರೆಯುತ್ತಾರೆ. ನನಗೆ ಅದು ಇಷ್ಟ. ಬಿಸಿಲಿಗೆ ನನ್ನ ಬಲಗೈ ಮಾತ್ರ ಮೊಣಕೈವರೆಗೂ ಕಪ್ಪಾಗಿದೆ, ಎಡಗೈ ಹಾಗೇ ಇದೆ. ಮಗಳು ಬಂದಾಗ ಕೇಳಿದಳು, ಹೊಲಿಗೆ ಕೆಲಸ ಅಂದೆ. ಗುಜರಿಯವನು ಬಂದಿದ್ದ. ನೀವು ಬಿಟ್ಟುಹೋದ ಕಾರಿನ ಚಿಂತೆ ಇನ್ನು ನಿಮಗೆ ಬೇಡ.

ನಿಮ್ಮ ಮೇಲೆ ನನಗೆ ಬರೀ ಸಿಟ್ಟೇ ಇದೆ ಅಂತ ತಿಳಿಯಬೇಡಿ. ನಿನ್ನೆ ರಾತ್ರಿ ಊಟ ಮಾಡುತ್ತ ನಮ್ಮ ಮನೆಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಸೇತುವೆ ಮುಗಿದರೆ ಮನೆಯೂ ಮುಗಿಯಿತು, ಅದು ನಮ್ಮ ಬದುಕು. ಬೆಕ್ಕು ಮರಿಯನ್ನು ಕಚ್ಚಿಕೊಂಡು ಮನೆ ಮನೆ ತಿರುಗಿದ ಹಾಗೆ ನೀವು ನಮ್ಮಿಬ್ಬರನ್ನೂ ತಿರುಗಿಸಿದಿರಿ. ಅಡುಗೆಮನೆಗೆ ಕಿಟಕಿಯೇ ಇಲ್ಲದ ಮನೆ, ರೈಲು ಹೋದಾಗೆಲ್ಲ ಪಾತ್ರೆಗಳು ಮಾತಾಡಿಕೊಳ್ಳುತ್ತಿದ್ದ ಮನೆ, ಇಟ್ಟಿಗೆ ಗೋದಾಮಿನ ಹಿಂದಿನ ಆ ಕೆಂಪು ಧೂಳಿನ ಮನೆ. ಅಲ್ಲಿ ಒಗೆದ ಬಟ್ಟೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು, ನೀವು ಗುಲಾಬಿ ಬನಿಯನ್ನು ಹಾಕಿಕೊಂಡೇ ಸೇತುವೆ ಕೆಲಸಕ್ಕೆ ಹೋಗುತ್ತಿದ್ದಿರಿ.

ಮತ್ತೆ ಆ ಪ್ರಯಾಣಗಳು. ಮಗಳ ಪರೀಕ್ಷೆ ಮುಗಿದ ಮೇಲೆಯೇ ಹೊರಡುತ್ತಿದ್ದದ್ದು, ಅಂದರೆ ಪ್ರತಿ ಸಲವೂ ಇದೇ ಸುಡುಬೇಸಿಗೆ. ಕಾರಿನ ತಲೆಯ ಮೇಲೆ ಹಾಸಿಗೆ ಸುರುಳಿ, ನನ್ನ ತೊಡೆಯ ಮೇಲೆ ನೀರಿನ ಹೂಜಿ, ಹಿಂದಿನ ಸೀಟಿನಲ್ಲಿ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡ ಮಗಳು. ಏರು ರಸ್ತೆಯಲ್ಲಿ ಇಂಜಿನ್ ಕಾದು ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹತ್ತಿರ ಬರುತ್ತಿದ್ದ ಹಾಗೆ ನೀವು ಹೀಟರ್ ಹಾಕುತ್ತಿದ್ದಿರಿ. ಊರವರೆಲ್ಲ ಚಳಿಗೆ ಹಾಕುವುದನ್ನು ನೀವು ಬಿಸಿಲಿಗೆ ಹಾಕುತ್ತಿದ್ದಿರಿ. ಇಂಜಿನ್ನಿನ ಬಿಸಿಯನ್ನು ನಾವು ಒಳಗೆ ಎಳೆದುಕೊಂಡರೆ ಇಂಜಿನ್ ಬದುಕುತ್ತೆ, ನಾವು ಹೇಗೂ ಬೆವರೋರೇ, ಇನ್ನೊಂದು ಸ್ವಲ್ಪ ಬೆವರೋಣ ಅನ್ನುವುದು ನಿಮ್ಮ ನ್ಯಾಯ. ಬೈದುಕೊಂಡೇ ಬೆವರುತ್ತಿದ್ದೆವು. ಆದರೆ ಒಂದು ಸಲವೂ ಆ ಕಾರು ಏರಿನ ನಡುವೆ ನಿಲ್ಲಲಿಲ್ಲ. ಅದನ್ನು ನಾನು ಒಪ್ಪುತ್ತೇನೆ.

ಹೊರಡುವ ದಿನದ ನಿದ್ದೆ ನೆನಪಿದೆಯಾ? ಆ ಕ್ರಮವನ್ನು ಶುರುಮಾಡಿದವರು ನೀವೇ. ಸಾಮಾನೆಲ್ಲ ಹೊರಗೆ ಹೋದ ಮೇಲೆ ನಾನು ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಮೂವರೂ ಬರೀ ನೆಲದ ಮೇಲೆ ಒಂದು ನಿದ್ದೆ ತೆಗೆಯಬೇಕು, ಬಿಸಿಲು ಇಳಿದ ಮೇಲೆ ಎದ್ದು ಬಾಗಿಲು ಹಾಕಿ ಹೊರಡಬೇಕು. ಇಷ್ಟು ದಿನ ತಲೆ ಕಾಯ್ದ ಮನೆ, ಹೇಳದೆ ಕೇಳದೆ ಎದ್ದು ಹೋಗಬಾರದು, ಈ ನಿದ್ದೆ ಮಾಡಿ ಎದ್ದರೇ ಮನೆ ಬಿಟ್ಟ ಲೆಕ್ಕ, ಇಲ್ಲದಿದ್ದರೆ ಬಿಟ್ಟ ಹಾಗಲ್ಲ ಅಂತ ಮಗಳಿಗೆ ಹೇಳುತ್ತಿದ್ದಿರಿ. ಹೊಸ ಮನೆಗೆ ಹೋದ ಕೂಡಲೇ ಕೋಣೆಯಿಂದ ಕೋಣೆಗೆ ಹೋಗಿ ನೆಲದ ಮೇಲೆ ಮಲಗಿ ನೋಡುತ್ತಿದ್ದಿರಿ. ಎಲ್ಲಕ್ಕಿಂತ ತಂಪಾದ ಜಾಗ ನನಗೆ. ಅದರಲ್ಲಿ ನೀವು ಯಾವತ್ತೂ ಮೋಸ ಮಾಡಲಿಲ್ಲ.

ರೈಲಿನ ಪಕ್ಕದ ಮನೆಯಲ್ಲಂತೂ ನಿದ್ದೆ ಎಷ್ಟು ಚೆನ್ನಾಗಿ ಬಂತೆಂದರೆ ಕತ್ತಲಾದರೂ ಏಳಲಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ಪೆಟ್ಟಿಗೆ ಹೊತ್ತುಕೊಂಡು ಒಳಗೆ ಬಂದು ದೀಪ ಹಾಕಿದರೆ, ಖಾಲಿ ಮನೆಯ ನಡುವೆ ಸಾಲಾಗಿ ಮೂರು ಜನ. ಆಕೆಯ ಕೈಯಿಂದ ಪಾತ್ರೆ ಬಿದ್ದ ಸದ್ದಿಗೇ ನಮಗೆ ಎಚ್ಚರ. ಮನೆ ಜೊತೆಗೆ ನೀವೂ ಬರ್ತೀರಾ ಅಂತ ಆಕೆಯ ಗಂಡ ಕೇಳಿದರು. ನಾನು ನಾಚಿಕೆಯಿಂದ ಸೆರಗು ಸರಿಮಾಡಿಕೊಳ್ಳುತ್ತಿದ್ದರೆ, ನೀವು ಆರಾಮಾಗಿ ಮೈ ಮುರಿದು, ಬಲಗಡೆ ಕೋಣೆಯ ಗೋಡೆ ಪಕ್ಕ ಮಲಗಿ, ಮಧ್ಯಾಹ್ನ ಅಲ್ಲೇ ತಂಪು ಅಂತ ಅವರಿಗೆ ಜಾಗ ತೋರಿಸಿಕೊಟ್ಟಿರಿ. ಆ ರಾತ್ರಿ ಕಾರಿನಲ್ಲಿ ಮಗಳು ನಕ್ಕು ನಕ್ಕು ಬಿಕ್ಕಳಿಸಿದಳು. ಇದನ್ನು ಬರೆಯುವಾಗ ನಾನೂ ನಕ್ಕೆ, ಮೆಟ್ಟಿಲ ಕೆಳಗಿನ ಅಜ್ಜ ಏನಾಯ್ತಮ್ಮಾ ಅಂತ ಕೇಳಿದರು.

ಈಗ ವಿಷಯಕ್ಕೆ ಬರುತ್ತೇನೆ. ಈ ಊರಿನ ಸೇತುವೆ ಮುಗಿದ ದಿನ ನೀವು ಎಂದಿನಂತೆ ಗಂಟುಮೂಟೆ ಕಟ್ಟು ಅಂದಿರಿ. ಆಗಷ್ಟೇ ಅಂಗಡಿಯ ಬಾಗಿಲಿಗೆ ಬಣ್ಣ ಹೊಡೆಸಿದ್ದೆ. ಈ ಸಲ ಆಗಲ್ಲ, ಇಲ್ಲೇ ಇರೋಣ, ನೀವು ವಾರಕ್ಕೊಮ್ಮೆ ಬಂದು ಹೋಗಿ ಅಂದೆ. ಎತ್ತು ಏರಿಗೆ, ಕೋಣ ನೀರಿಗೆ. ನೀವು ಹಿಡಿದ ಮೊಲಕ್ಕೆ ಮೂರೇ ಕಾಲು, ಅದು ಹೊಸದಲ್ಲ. ಆದರೆ ನನ್ನ ಮೊಲಕ್ಕೆ ಎಷ್ಟು ಕಾಲು ಅಂತ ಅಷ್ಟು ವರ್ಷದಲ್ಲಿ ನೀವು ಒಂದು ಸಲವಾದರೂ ಕೇಳಬಹುದಿತ್ತು. ಹಾಗಾದ್ರೆ ನೀನಿಲ್ಲೇ ಇರು ಅಂದಿರಿ, ನಿಮ್ಮ ಪೆಟ್ಟಿಗೆಯೊಂದನ್ನೇ ಕಾರಿಗೆ ಹಾಕಿದಿರಿ, ನಡುಮಧ್ಯಾಹ್ನ ಹೊರಟೇಬಿಟ್ಟಿರಿ. ಬೀದಿಯ ಕೊನೆ ದಾಟುವ ಮೊದಲೇ ಕಾರಿನಿಂದ ಹೊಗೆ. ರೇಡಿಯೇಟರ್ ಒಡೆದಿತ್ತು. ಅದನ್ನು ಅಲ್ಲೇ ಬಿಟ್ಟು, ಪೆಟ್ಟಿಗೆ ಹಿಡಿದು, ತಿರುಗಿ ನೋಡದೆ ಬಸ್ಸು ಹತ್ತಿದಿರಿ. ನಾನು ಮತ್ತು ಅಜ್ಜ ಕಾರನ್ನು ತಳ್ಳಿಕೊಂಡು ಬಂದೆವು. ಆಮೇಲೆ ಫೋನಿನಲ್ಲಿ ನೀವು ಹೇಳಿದ್ದು ಒಂದೇ ಮಾತು, ಅದನ್ನು ಗುಜರಿಗೆ ಹಾಕು ಅಂತ.

ಆ ದಿನ ನನಗೆ ನೋವಾಗಿದ್ದು ನೀವು ಹೋಗಿದ್ದಕ್ಕಲ್ಲ. ಕೆಲಸ ಇದ್ದಲ್ಲಿಗೆ ಹೋಗಲೇಬೇಕು. ಆದರೆ ನೀವು ಪೆಟ್ಟಿಗೆ ತುಂಬುತ್ತಿದ್ದಾಗ ನಾನು ನಡುಮನೆಯನ್ನು ಒರೆಸಿದ್ದೆ. ಜಗಳ ಏನೇ ಇರಲಿ, ಒಂದು ನಿದ್ದೆ ಮಾಡಿ ಹೋಗುತ್ತಾರೆ ಅಂದುಕೊಂಡಿದ್ದೆ. ನೀವು ಒದ್ದೆ ನೆಲ ತುಳಿದುಕೊಂಡು ಹೊರಟಿರಿ. ನಿಮ್ಮ ಹೆಜ್ಜೆಯ ಗುರುತು ಆರುವವರೆಗೂ ನಾನು ಅಲ್ಲೇ ಕೂತಿದ್ದೆ, ಚೆನ್ನಾಗಿ ಅತ್ತೆ. ಮಾರನೇ ದಿನ ಅಂಗಡಿ ತೆಗೆದೆ.

ಅಳು ಮುಗಿದ ಮೇಲೆ ಬುದ್ಧಿ ಓಡುತ್ತದೆ ನೋಡಿ. ಆಗ ಹೊಳೆಯಿತು. ಖಾಲಿ ನೆಲದ ಮೇಲೆ ಮಲಗಿ ಎದ್ದರೇ ಮನೆ ಬಿಟ್ಟ ಲೆಕ್ಕ ಅಂದವರು ನೀವು. ಈ ಮನೆಯಲ್ಲಿ ನೀವು ಆ ನಿದ್ದೆ ಮಾಡಲಿಲ್ಲ. ಅಂದಮೇಲೆ ನೀವು ಈ ಮನೆ ಬಿಟ್ಟೇ ಇಲ್ಲ. ಮೂರು ವರ್ಷದಿಂದ ನೀವು ಹೊರಗೆ ಹೋದವರು, ಅಷ್ಟೇ, ಇನ್ನೂ ವಾಪಸ್ ಬಂದಿಲ್ಲ. ಯಾರಾದರೂ ಕೇಳಿದರೆ ಕೆಲಸದ ಮೇಲೆ ಹೋಗಿದ್ದಾರೆ ಅನ್ನುತ್ತೇನೆ. ಅಪ್ಪ ಅಮ್ಮ ಬೇರೆ ಆದ್ರಾ ಅಂತ ಮಗಳು ನೇರವಾಗಿ ಕೇಳಿದಾಗಲೂ ಇದನ್ನೇ ಹೇಳಿದೆ. ಸುಳ್ಳು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಹಾಗಾಗಿ ಬೆಟ್ಟದ ಮನೆ ಬೇಡ. ನೀವು ಇಲ್ಲಿಗೆ ಬನ್ನಿ. ಮಾತು ಕೊಟ್ಟಾಗಿದೆಯಲ್ಲ ಅನ್ನಬೇಡಿ, ಕೊಡುವಾಗ ನನ್ನನ್ನು ಕೇಳಿರಲಿಲ್ಲ, ವಾಪಸ್ ತೆಗೆದುಕೊಳ್ಳಲೂ ಕೇಳಬೇಕಿಲ್ಲ. ಬಂದ ಮೇಲೆ ದಿನಾ ಸೆಕೆ ಸೆಕೆ ಅಂತ ಗೊಣಗುವ ಹಾಗಿಲ್ಲ. ಗಂಟುಮೂಟೆ ಅನ್ನುವ ಮಾತು ಈ ಮನೆಯಲ್ಲಿ ಇನ್ನು ಕೇಳಬಾರದು. ಸ್ಪಂಜು ಕತ್ತರಿಸುವಾಗ ಇನ್ನೊಂದು ತುದಿ ಹಿಡಿಯಲು ನನಗೆ ಜನ ಬೇಕು, ಸೇತುವೆ ಅಳೆದ ಕೈ ಒಂದು ಸೀಟು ಅಳೆಯಲಾರದಾ? ಮಹಡಿಯಲ್ಲಿ ಪೂರ್ವದ ಕಿಟಕಿಯ ಕೆಳಗೆ ಒಂದು ಜಾಗ ಇದೆ. ನಿಮ್ಮ ಹಾಗೆಯೇ ಎಲ್ಲ ಕಡೆ ಮಲಗಿ ನೋಡಿ ಪತ್ತೆಮಾಡಿದ್ದು. ಅದೇ ಈ ಮನೆಯ ಅತ್ಯಂತ ತಂಪಾದ ಜಾಗ. ಅಂಗಡಿಯಲ್ಲಿ ರೆಕ್ಸಿನ್ ಸುರುಳಿ ಇಡಲು ಸ್ಥಳವಿಲ್ಲದೆ ಒದ್ದಾಡುತ್ತೇನೆ, ಆದರೂ ಅಲ್ಲಿ ಏನನ್ನೂ ಇಟ್ಟಿಲ್ಲ. ನಾನೂ ಅಲ್ಲಿ ಮಲಗುವುದಿಲ್ಲ. ಇಷ್ಟು ವರ್ಷ ತಂಪು ಜಾಗ ನನಗೆ ಕೊಟ್ಟಿರಿ, ಇದು ನಿಮಗೆ.

ನೀವಿಲ್ಲದೆ ನನ್ನ ಕೆಲಸ ನಿಲ್ಲಲಿಲ್ಲ. ಆದರೆ ಸಂಜೆ ಮಿಶಿನ್ ನಿಲ್ಲಿಸಿದ ಮೇಲೆ ಮನೆ ಬಿಕೋ ಅನ್ನುತ್ತದೆ. ಎರಡೂ ನಿಜ. ನೀವು ಬೇಕು, ಆದರೆ ಅದಕ್ಕಾಗಿ ಅಂಗಡಿ ಮುಚ್ಚುವವಳು ನಾನಲ್ಲ.

ಇಂತಿ,
ಈ ಸಲ ಗಂಟು ಕಟ್ಟದ
ನಿಮ್ಮವಳು

ತಾ.ಕ.: ಗುಜರಿಯವನು ಬಂದಿದ್ದು ನಿಜ. ಬರಿಗೈಯಲ್ಲಿ ವಾಪಸ್ ಹೋಗಿದ್ದನ್ನು ಮಾತ್ರ ಬರೆದಿರಲಿಲ್ಲ. ಗ್ಯಾರೇಜಿನವರ ಬೆಂಚಿಗೆಲ್ಲ ಹೊಸ ಸೀಟು ಹೊಲಿದುಕೊಟ್ಟೆ, ಅವರು ಕಾರಿಗೆ ಹೊಸ ರೇಡಿಯೇಟರ್ ಕೂರಿಸಿಕೊಟ್ಟರು. ಚಳಿಗಾಲದಲ್ಲಿ ಡ್ರೈವಿಂಗ್ ಕಲಿಸುವ ಮೇಡಂ ಒಬ್ಬರ ಹತ್ತಿರ ಕಲಿತೆ. ಮೊದಲು ಹೆದರಿ ಬ್ರೇಕಿನಿಂದ ಕಾಲೇ ತೆಗೆಯುತ್ತಿರಲಿಲ್ಲ, ಈಗ ಬಲಗೈ ಕಿಟಕಿಯ ಹೊರಗಿಟ್ಟು ಓಡಿಸುತ್ತೇನೆ. ಕೈ ಕಪ್ಪಾಗಿದ್ದು ಹಾಗೆ. ಹೋದ ಭಾನುವಾರ ನೀವೀಗ ಇರುವ ಊರಿನ ಏರಿನವರೆಗೂ ಒಬ್ಬಳೇ ಬಂದು, ಹೀಟರ್ ಹಾಕಿ ತುದಿ ಮುಟ್ಟಿ, ತಿರುಗಿಸಿಕೊಂಡು ಹೋದೆ. ಮೈಯೆಲ್ಲ ನೀರು, ಆದರೆ ಮುಳ್ಳು ಕೆಂಪಿಗೆ ಹೋಗಲಿಲ್ಲ.

ಲಾರಿ ಬೇಡ ಅನ್ನಿ. ನೀವು ಕೆಲಸ ಮುಗಿಸಿದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಬರುತ್ತೇನೆ. ಮುಂದಿನ ಎಡ ಸೀಟನ್ನು ಹೊಸದಾಗಿ ಹೊಲಿದಿದ್ದೇನೆ, ನೀರಿನ ಹೂಜಿ ಈ ಸಲ ನಿಮ್ಮ ತೊಡೆಯ ಮೇಲೆ. ಬರುವುದಿಲ್ಲ ಅನ್ನುವುದಾದರೆ ಅದನ್ನೂ ಹೇಳಿ, ಆದರೆ ಬಾಗಿಲಲ್ಲಿ ನಿಂತು ಹೇಳಬೇಡಿ, ಮಲಗಿ ಎದ್ದ ಮೇಲೆ ಹೇಳಿ. ಖಾಲಿ ಸೀಟು ಇಟ್ಟುಕೊಂಡು ಒಬ್ಬಳೇ ವಾಪಸ್ ಓಡಿಸುವುದೂ ನನಗೆ ಈಗ ಬರುತ್ತದೆ. ಬೆಳಿಗ್ಗೆಯೇ ಸಾಮಾನೆಲ್ಲ ಹೊರಗಿಟ್ಟು ಕೋಣೆ ಖಾಲಿ ಮಾಡಿರಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಡಿ, ಇಬ್ಬರಿಗಾಗುವಷ್ಟು.